ಕೆಂಪು ಇಂಕು, ಒಂದು ಲೋಟ ಹೆಪ್ಪು

ಹೋದ ತಿಂಗಳು ಆಕೆ ತೀರಿಕೊಂಡರು. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದಾಗ ಕಾಲೇಜಿನ ಮೈಕ್ರೋಬಯಾಲಜಿ ಮೇಡಂ ಫೋನು ಮಾಡಿದರು. "ಸಾರ್, ನಮ್ಮ ಎಣಿಸೋರು ಹೋಗ್ಬಿಟ್ರು" ಎಂದರು. ಯಾರು ಎಂದು ನಾನು ಕೇಳಲಿಲ್ಲ. ನಮ್ಮ ಕಾಲೇಜಿನಲ್ಲಿ ಗಣಿತ ಕಲಿಸುವವರು ಬೇಕಾದಷ್ಟು ಜನ ಇದ್ದೆವು, ಎಣಿಸುವವರು ಇದ್ದದ್ದು ಒಬ್ಬರೇ.

ಚಿತಾಗಾರದ ಹೊರಗೆ ಆಕೆಯ ಕಡೆಯ ಹಿರಿಯರೊಬ್ಬರು ಬಂದು "ತಾವು ಏನಾಗ್ಬೇಕು ಸ್ವಾಮಿ?" ಎಂದು ಕೇಳಿದರು. "ಜೊತೇಲಿ ಕೆಲಸ ಮಾಡ್ತಿದ್ವಿ" ಎಂದೆ. ಅದು ಅರ್ಧ ನಿಜ. ಆಕೆ ಕೆಲಸ ಮಾಡುತ್ತಿದ್ದರು, ನಾನು ಆ ಕೆಲಸದ ಮೇಲೆ ಲೆಕ್ಕ ಕಟ್ಟುತ್ತಿದ್ದೆ. ಒಂದು ಸಲ ನನ್ನ ಲೆಕ್ಕ ಉಳಿಸಿಕೊಳ್ಳುವುದಕ್ಕೆ ಆಕೆಯ ಹೆಸರು ಕೆಡಿಸಿದೆ. ಅದನ್ನು ಅಲ್ಲಿ ನಿಂತು ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ಹೆಸರು ಮಾತ್ರ ಬರೆಯುವುದಿಲ್ಲ. ಬರೆಯಬಾರದ ಕಡೆ ಒಮ್ಮೆ ಬರೆದಾಗಿದೆ.

ನಾನು ಬಸವನಗುಡಿಯ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡಿಕೊಂಡು ರಿಟೈರ್ ಆದವನು. ನಮ್ಮ ವಿಭಾಗ ಮೇಲಿನ ಮಹಡಿಯಲ್ಲಿತ್ತು, ಆಕೆಯ ಲ್ಯಾಬು ನೆಲಮಹಡಿಯಲ್ಲಿ. ಎಷ್ಟೋ ವರ್ಷ ಮೆಟ್ಟಿಲ ಬಳಿ ಎದುರಾದಾಗ ಆಕೆ "ನಮಸ್ಕಾರ ಸಾರ್" ಅನ್ನುವುದು, ನಾನು ತಲೆ ಅಲ್ಲಾಡಿಸುವುದು, ಇಷ್ಟೇ ನಮ್ಮ ಪರಿಚಯ. ಆಕೆ ಮೊದಲು ಸೇರಿದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ತೊಳೆಯುತ್ತಲೇ ಉಳಿದವರು ಏನು ಮಾಡುತ್ತಾರೆಂದು ನೋಡಿಕೊಂಡರು. ಬ್ಯಾಕ್ಟೀರಿಯ ಬೆಳೆಸುವ ಅಗರ್ ಕಾಯಿಸಿ ಪ್ಲೇಟಿಗೆ ಹೊಯ್ಯುವುದು, ಅದರ ಮೇಲೆ ಒಂದು ಹನಿ ಸವರುವುದು, ಆಮೇಲೆ ಮೂಡಿದ ಚುಕ್ಕೆ ಎಣಿಸುವುದು, ಎಲ್ಲ ಒಂದೊಂದಾಗಿ ಕೈಗೆ ಬಂತು. ಯಾರೂ ಕೂರಿಸಿ ಕಲಿಸಲಿಲ್ಲ. ಕೊನೆಗೆ ಎಂ.ಎಸ್ಸಿ. ಹುಡುಗಿಯರಿಗೆ ಆಕೆಯೇ ಕಲಿಸುತ್ತಿದ್ದರು, ಬೈದು ಕಲಿಸುತ್ತಿದ್ದರು.

ಆಕೆ ಎಣಿಸುವುದನ್ನು ನೋಡಬೇಕಿತ್ತು. ಪ್ಲೇಟನ್ನು ಬೋರಲು ಹಾಕಿ ಕಿಟಕಿಯ ಬೆಳಕಿಗೆ ಹಿಡಿಯುವರು. ಸೊಂಟಕ್ಕೆ ದಾರದಲ್ಲಿ ಕಟ್ಟಿಕೊಂಡ ಸಣ್ಣ ಮೊನೆಯ ಮಾರ್ಕರಿನಿಂದ ಪ್ರತಿ ಚುಕ್ಕೆಯ ಬೆನ್ನಿಗೂ ಒಂದು ಗುರುತು. ತುಟಿ ಅಲ್ಲಾಡುತ್ತಿರಲಿಲ್ಲ. ನಡುವೆ ಯಾರಾದರೂ ಮಾತಾಡಿಸಿದರೆ ಗುರುತನ್ನೆಲ್ಲ ಸ್ಪಿರಿಟ್ ಹಚ್ಚಿ ಒರೆಸಿ, ಮಾತಾಡಿಸಿದವರನ್ನು ಒಂದು ಸಲ ಕೆಕ್ಕರಿಸಿ ನೋಡಿ, ಮತ್ತೆ ಒಂದರಿಂದ ಶುರು. ಆ ಮಾರ್ಕರನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ.

ಒಂದು ದಿನ ನಮ್ಮ ವೈಸ್ ಪ್ರಿನ್ಸಿಪಾಲರು ಕಾಫಿ ಲೋಟ ಹಿಡಿದುಕೊಂಡೇ ಲ್ಯಾಬಿನೊಳಗೆ ಬಂದರಂತೆ. ಆಕೆ ಮಾತಿಲ್ಲದೆ ಅವರ ಕೈಯಿಂದ ಲೋಟ ತೆಗೆದುಕೊಂಡು ಹೋಗಿ ಬಾಗಿಲಾಚೆ ಕಟ್ಟೆಯ ಮೇಲಿಟ್ಟು ಬಂದರು. "ಇಲ್ಲಿ ಕಾಫಿ ಕುಡಿದ್ರೆ ನಿಮ್ ಹೊಟ್ಟೆಗೂ ತೊಂದ್ರೆ, ನಮ್ ಪ್ಲೇಟಿಗೂ ತೊಂದ್ರೆ ಸಾರ್" ಎಂದರಂತೆ. ವೈಸ್ ಪ್ರಿನ್ಸಿಪಾಲರು ಕಟ್ಟೆಯ ಮೇಲೆ ಕೂತು ಕುಡಿದರು. ಫ್ಲಾಸ್ಕ್ ಒಡೆದ ಹುಡುಗಿಯೊಬ್ಬಳ ಹೆಸರನ್ನು ಅವಳು ಪಾಸಾಗಿ, ಮದುವೆಯಾಗಿ, ಮಗುವನ್ನು ಎತ್ತಿಕೊಂಡು ಕಾಲೇಜು ನೋಡಲು ಬಂದಾಗಲೂ ಆಕೆ ಮರೆತಿರಲಿಲ್ಲ. "ಐನೂರು ಎಮ್ಮೆಲ್ಲಿನ ಫ್ಲಾಸ್ಕು ಒಡೆದ್ಯಲ್ಲ, ನೀನೇ ಅಲ್ವಾ?" ಎಂದು ಮಗುವಿನ ಕೆನ್ನೆ ಸವರುತ್ತಾ ಕೇಳಿದರು. ಒಟ್ಟಿನಲ್ಲಿ ಸುಲಭದ ಹೆಂಗಸಲ್ಲ.

ಓದು ಎಸ್ಸೆಸ್ಸೆಲ್ಸಿಗೆ ನಿಂತಿತ್ತು. ಲೆಕ್ಕದಲ್ಲಿ ನಪಾಸು. ಅದನ್ನು ಆಕೆ ನನಗೆ ಹೇಳಿದ್ದು ಸ್ವಲ್ಪವೂ ಸಂಕೋಚವಿಲ್ಲದೆ. ಲೆಕ್ಕದಲ್ಲಿ ಫೇಲಾದವರಿಗೆ ಇಷ್ಟು ಚೆನ್ನಾಗಿ ಎಣಿಸಲು ಹೇಗೆ ಬಂತು ಎಂದು ನಾನು ತಮಾಷೆ ಮಾಡಿದೆ. "ಅದು ಲೆಕ್ಕ ಸಾರ್, ಇದು ಎಣಿಸೋದು. ಎರಡೂ ಬೇರೆ" ಎಂದರು. ನಾನು ನಕ್ಕೆ. ಬುದ್ಧಿ ಇದ್ದಿದ್ದರೆ ಅಂದೇ ಬರೆದಿಟ್ಟುಕೊಳ್ಳಬೇಕಿತ್ತು.

ನಾನು ಆ ಲ್ಯಾಬಿಗೆ ಕಾಲಿಟ್ಟದ್ದು ಮೇಡಂ ಕರೆದದ್ದಕ್ಕೆ. ಅವರಿಗೆ ಒಂದು ಸಣ್ಣ ಪ್ರಾಜೆಕ್ಟು ಸಿಕ್ಕಿತ್ತು, ಅದಕ್ಕೆ ಗಣಿತದ ಮಾದರಿ ಕಟ್ಟಿಕೊಡುವವರು ಬೇಕಿತ್ತು. ವಿಷಯ ಪ್ಲಾಸ್ಮಿಡ್. ಬ್ಯಾಕ್ಟೀರಿಯಕ್ಕೆ ತನ್ನದೇ ಡಿಎನ್‌ಎ ಇರುತ್ತದಲ್ಲ, ಅದರ ಜೊತೆಗೆ ಕೆಲವು ಬ್ಯಾಕ್ಟೀರಿಯ ಪುಟ್ಟ ಉಂಗುರದಂಥ ಇನ್ನೊಂದು ಡಿಎನ್‌ಎ ಹೊತ್ತುಕೊಂಡಿರುತ್ತವೆ. ಅದೇ ಪ್ಲಾಸ್ಮಿಡ್. ಆಂಟಿಬಯಾಟಿಕ್ ಔಷಧಿ ಬಂದು ಬಡಿದಾಗ ಎಷ್ಟೋ ಸಲ ಜೀವ ಉಳಿಸುವುದು ಅದೇ. ಆದರೆ ಔಷಧಿ ಇಲ್ಲದ ದಿನ ಅದೊಂದು ಹೊರೆ, ಬೇಸಿಗೆಯಲ್ಲೂ ಕೊಡೆ ಹಿಡಿದು ಓಡಾಡಿದ ಹಾಗೆ. ಹೊತ್ತವರು ನಿಧಾನವಾಗಿ ಬೆಳೆಯುತ್ತಾರೆ, ಹೊರದವರು ಬೇಗ ಬೆಳೆದು ಜಾಗ ಹಿಡಿಯುತ್ತಾರೆ. ಹಾಗಿದ್ದರೆ ಪ್ಲಾಸ್ಮಿಡ್ ಇಷ್ಟು ಹೊತ್ತಿಗೆ ಲೋಕದಿಂದಲೇ ಮಾಯವಾಗಬೇಕಿತ್ತು. ಆಗಿಲ್ಲ. ಯಾಕೆ ಆಗಿಲ್ಲ ಎಂಬುದೇ ಮೇಡಂ ಅವರ ಪ್ರಶ್ನೆ.

ಅವರು ಎರಡು ಪ್ರಭೇದದ ಬ್ಯಾಕ್ಟೀರಿಯ ಆರಿಸಿಕೊಂಡಿದ್ದರು. ಒಂದರ ಚುಕ್ಕೆ ಪ್ಲೇಟಿನ ಮೇಲೆ ಹಸಿರು ಛಾಯೆಗೆ ತಿರುಗುತ್ತದೆ, ಇನ್ನೊಂದರದು ಬಿಳಿಯಾಗೇ ಉಳಿಯುತ್ತದೆ. ಅವುಗಳ ಲ್ಯಾಟಿನ್ ಹೆಸರು ನನ್ನ ನಾಲಿಗೆಗೆ ಕೊನೆಯವರೆಗೂ ಹತ್ತಲಿಲ್ಲ. ಆಕೆ ಅವನ್ನು 'ಹಸಿರೋರು', 'ಬಿಳಿಯೋರು' ಎನ್ನುತ್ತಿದ್ದರು, ಎದುರುಮನೆಯ ಎರಡು ಸಂಸಾರಗಳ ಹಾಗೆ. ನನಗೂ ಅದೇ ರೂಢಿಯಾಯಿತು. ಹಸಿರಿನವರಿಗೆ ಪ್ಲಾಸ್ಮಿಡ್ ಅಷ್ಟೇನೂ ಭಾರವಲ್ಲ, ಇಟ್ಟುಕೊಂಡು ಬದುಕುತ್ತಾರೆ. ಬಿಳಿಯವರಿಗೆ ಬಲು ಭಾರ. ಇಬ್ಬರನ್ನೂ ಒಂದೇ ಕೊಳವೆಯಲ್ಲಿ ಬಿಟ್ಟು, ದಿನವೂ ಹಳೆಯದರಿಂದ ಒಂದು ಹನಿ ತೆಗೆದು ಹೊಸ ಪೋಷಕ ದ್ರವಕ್ಕೆ ಹಾಕುವುದು. ಆಮೇಲೆ ಔಷಧಿ ಬೆರೆಸಿದ ಪ್ಲೇಟಿನ ಮೇಲೆ ಸವರಿದರೆ ಪ್ಲಾಸ್ಮಿಡ್ ಇರುವವರು ಮಾತ್ರ ಚುಕ್ಕೆಯಾಗಿ ಮೂಡುತ್ತಾರೆ. ಅದನ್ನು ಎಣಿಸಿ ರಿಜಿಸ್ಟರಿಗೆ ಬರೆಯುವುದು ಆಕೆಯ ಕೆಲಸ.

ನಾನು ನಾಲ್ಕು ಸಮೀಕರಣ ಬರೆದೆ. ಪ್ಲಾಸ್ಮಿಡ್ ಇರುವ ಹಸಿರು, ಇಲ್ಲದ ಹಸಿರು, ಇರುವ ಬಿಳಿ, ಇಲ್ಲದ ಬಿಳಿ. ನಾಲ್ವರೂ ಒಂದೇ ಅನ್ನಕ್ಕೆ ಪೈಪೋಟಿ. ಒಂದೇ ಪ್ರಭೇದದೊಳಗೆ ಪ್ಲಾಸ್ಮಿಡ್ ಒಬ್ಬರಿಂದೊಬ್ಬರಿಗೆ ದಾಟುತ್ತದೆ ಎಂದು ಇಟ್ಟುಕೊಂಡೆ. ಹಸಿರಿನಿಂದ ಬಿಳಿಗೆ ದಾಟುವುದಕ್ಕೆ ಸೊನ್ನೆ ಹಾಕಿದೆ. ಯಾಕೆ ಸೊನ್ನೆ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಸೊನ್ನೆ ಹಾಕಿದರೆ ಸಮೀಕರಣ ಎಷ್ಟು ಸಲೀಸಾಗಿ ಬಿಡಿಸಿಕೊಳ್ಳುತ್ತಿತ್ತು ಗೊತ್ತೇ? ಎರಡು ಸಾಲಿನಲ್ಲಿ ಉತ್ತರ. ಜೀವಮಾನವಿಡೀ ಬೇರೆಯವರ ಲೆಕ್ಕ ಬೋರ್ಡಿಗೆ ಬರೆದವನಿಗೆ ಮೊದಲ ಸಲ ತನ್ನದೇ ಒಂದು ಲೆಕ್ಕ ಸಿಕ್ಕಿತ್ತು. ಆ ಖುಷಿಯಲ್ಲಿ ಒಂದು ವಾರ ಮನೆಯಲ್ಲಿ ಕಾಫಿ ಆರಿದ್ದಕ್ಕೂ ರೇಗಲಿಲ್ಲ ಎಂದು ನನ್ನ ಹೆಂಡತಿ ಈಗಲೂ ಹೇಳುತ್ತಾಳೆ.

ಮಾದರಿ ಹೇಳಿದ್ದು ಹೀಗೆ: ಬಿಳಿಯವರು ಒಬ್ಬರೇ ಇರಲಿ, ಹಸಿರಿನವರ ಜೊತೆಗಿರಲಿ, ಅವರ ಪ್ಲಾಸ್ಮಿಡ್ ಕೆಲವೇ ದಿನಗಳಲ್ಲಿ ಹೋಗಿಬಿಡುತ್ತದೆ. ಬಿಳಿಯವರನ್ನು ಒಂಟಿಯಾಗಿ ಬೆಳೆಸಿದ ಕೊಳವೆಯಲ್ಲಿ ಹಾಗೆಯೇ ಆಯಿತು. ಜೊತೆಗಿಟ್ಟ ಕೊಳವೆಯಲ್ಲಿ ಆಗಲಿಲ್ಲ. ಔಷಧಿ ಪ್ಲೇಟಿನ ಮೇಲೆ ಬಿಳಿ ಚುಕ್ಕೆಗಳು ದಿನದಿನವೂ ಮೂಡುತ್ತಲೇ ಹೋದವು. ಹಾಗೆಂದು ಆಕೆಯ ರಿಜಿಸ್ಟರು ಹೇಳುತ್ತಿತ್ತು.

"ಇನ್ನೊಂದ್ಸಲ ಎಣಿಸಮ್ಮ" ಎಂದೆ.

ಎಣಿಸಿದರು. ಅದೇ ಬಂತು.

"ಹಸಿರನ್ನೇ ಬಿಳಿ ಅಂತ ಬರೆದಿರ್ಬೇಕು ನೋಡು. ಎಳೇ ಚುಕ್ಕೆ ಬೆಳ್ಳಗೇ ಕಾಣುತ್ತೆ."

"ನನಗೆ ಹಸಿರು ಯಾವ್ದು ಬಿಳಿ ಯಾವ್ದು ಗೊತ್ತಾಗಲ್ವಾ ಸಾರ್?" ಎಂದರು. ದನಿ ಎತ್ತರಿಸಲಿಲ್ಲ. ಮಾರ್ಕರಿನ ಮುಚ್ಚಳ ಟಕ್ಕೆಂದು ಮುಚ್ಚಿದರು.

ಆ ಟಕ್ ಸದ್ದು ನನಗೆ ತಡೆದುಕೊಳ್ಳಲಾಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನ್ನ ಕತೆ ಅದೇ. ಅವತ್ತು ನನಗೆ ಕಂಡದ್ದು ನೆಲದ ಡೊಂಕು ಮಾತ್ರ. ಮೇಡಂ ಬಳಿ ಹೋಗಿ, ಎಸ್ಸೆಸ್ಸೆಲ್ಸಿಯೂ ಆಗದವರ ಎಣಿಕೆ ನಂಬಿಕೊಂಡು ಪೇಪರ್ ಬರೆಯಲಾಗುತ್ತದೆಯೇ ಎಂದೆ. ಹೌದು, ಆ ಮಾತು ಆಡಿದೆ. ಸಾಲದು ಎಂದು ರಿಜಿಸ್ಟರ್ ತರಿಸಿ, ಆ ಪುಟದ ಮೇಲೆ ಅಡ್ಡಕ್ಕೆ, ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ, ಆಕೆಯ ಹೆಸರು ಬರೆದು 'ಇವರ ಎಣಿಕೆ ನಂಬಲರ್ಹವಲ್ಲ' ಎಂದು ಷರಾ ಹಾಕಿ ಸಹಿ ಮಾಡಿದೆ. ಮೂವತ್ತು ವರ್ಷ ಪೇಪರ್ ತಿದ್ದಿದ ಕೈ. ತಪ್ಪು ಎಂದು ಕಂಡಲ್ಲಿ ಕೆಂಪು ಹಾಕುವುದು ಅದಕ್ಕೆ ಉಸಿರಾಡಿದಷ್ಟು ಸಹಜವಾಗಿತ್ತು.

ಮೇಡಂ ಆಗಿನ್ನೂ ಹೊಸಬರು. ಹಿರಿಯ ಮೇಷ್ಟ್ರ ಮಾತು ಮೀರಲಾಗದೆ ಆಕೆಯನ್ನು ಎಣಿಕೆಯಿಂದ ತೆಗೆದು ಮತ್ತೆ ತೊಳೆಯುವ ಕೋಣೆಗೆ ಹಾಕಿದರು. ಇಪ್ಪತ್ತು ವರ್ಷದ ಹಿಂದೆ ಎಲ್ಲಿಂದ ಶುರು ಮಾಡಿದ್ದರೋ ಅಲ್ಲಿಗೇ. ಆಕೆ ಜಗಳ ಮಾಡಲಿಲ್ಲ, ಅಳಲಿಲ್ಲ. ಸೊಂಟದ ಮಾರ್ಕರನ್ನು ಬಿಚ್ಚಿ ಮೇಡಂ ಮೇಜಿನ ಮೇಲಿಟ್ಟು ಹೋದರಂತೆ.

ಎಣಿಸುವುದಕ್ಕೆ ನಾನೇ ಕೂತೆ. ಸವರಿದ ಮರುದಿನ, ಇನ್‌ಕ್ಯುಬೇಟರಿನಿಂದ ಪ್ಲೇಟು ಹೊರಗೆ ಬಂದ ಬೆಳಿಗ್ಗೆಯೇ ಕನ್ನಡಕ ಏರಿಸಿ ಎಣಿಸಿದೆ. ಸ್ಪಷ್ಟವಾಗಿ ಹಸಿರಾದದ್ದು ಹಸಿರು. ಬೆಳ್ಳಗೆ ಕಂಡದ್ದು ಇನ್ನೂ ಬಣ್ಣ ತಿರುಗದ ಎಳೆ ಹಸಿರು, ಆದ್ದರಿಂದ ಅದೂ ಹಸಿರೇ. ಎಣಿಸಿದ ಪ್ಲೇಟನ್ನು ತೊಳೆಯಲು ಕಳಿಸುವ ಬಕೆಟ್ಟಿಗೆ ಹಾಕಿದೆ. ನನ್ನ ಸಂಖ್ಯೆಗಳು ನನ್ನ ಮಾದರಿಗೆ ಅಚ್ಚು ಹೊಯ್ದ ಹಾಗೆ ಹೊಂದಿದವು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ಕಂಡು ನಗುತ್ತೇವೆ. ನಾನು ಮೊಲದ ನಾಲ್ಕನೇ ಕಾಲನ್ನು ಬಕೆಟ್ಟಿಗೆ ಹಾಕಿ ಮೂರು ಎಣಿಸಿದೆ.

ಹತ್ತು ದಿನವಾಗಿರಬಹುದು. ಸ್ಟಾಫ್ ರೂಮಿನಲ್ಲಿ ಕೂತಿದ್ದಾಗ ಎಂ.ಎಸ್ಸಿ. ಹುಡುಗಿಯೊಬ್ಬಳು ಬಂದು, ತೊಳೆಯುವ ಕೋಣೆಯಲ್ಲಿ ಕರೆಯುತ್ತಿದ್ದಾರೆ ಎಂದಳು. ನನಗೆ ಸಿಟ್ಟು ಬಂತು. ಬೇಕಿದ್ದರೆ ಆಕೆಯೇ ಬರಲಿ ಎಂದು ಹೇಳಿ ಕಳಿಸಿದೆ. ಹುಡುಗಿ ಹೋಗಿ ಬಂದು, "ಪ್ಲೇಟು ಹೊರಗೆ ಬರಲ್ವಂತೆ ಸಾರ್, ನೀವೇ ಒಳಗೆ ಬರ್ಬೇಕಂತೆ" ಎಂದಳು.

ಹೋದೆ. ಕಲ್ಲಿನ ತೊಟ್ಟಿಯ ಪಕ್ಕದ ಕಟ್ಟೆಯ ಮೇಲೆ ಹಳೆಯ ಪೇಪರು ಹಾಸಿ ಆಕೆ ಪ್ಲೇಟುಗಳನ್ನು ಸಾಲಾಗಿ ಇಟ್ಟಿದ್ದರು. ಮುಚ್ಚಳದ ಮೇಲೆ ನನ್ನ ಕೈಬರಹ, ನನ್ನ ಸಂಖ್ಯೆ.

"ಇವು ನೀವು ಮೊನ್ನೆ ಎಣಿಸಿದ್ದು. ಎಲ್ಲಾ ಹಸಿರು ಅಂತ ಬರೆದಿದೀರಿ. ಎಲ್ಲಿ, ಹಸಿರು ತೋರ್ಸಿ ಸಾರ್."

ನೋಡಿದೆ. ಹಸಿರಾಗಬೇಕಾದವು ಕಣ್ಣಿಗೆ ರಾಚುವಷ್ಟು ಹಸಿರಾಗಿದ್ದವು. ಅವುಗಳ ನಡುವೆ ಬಿಳಿ ಚುಕ್ಕೆಗಳು ಬಿಳಿಯಾಗಿಯೇ ಇದ್ದವು. ಒಂದೆರಡಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

"ಹಸಿರು ತಿರುಗೋಕೆ ಎರಡು ದಿನ ಬೇಕು" ಎಂದರು. "ಅದಕ್ಕೇ ನಾನು ಯಾವತ್ತೂ ಎರಡನೇ ದಿನಾನೇ ಎಣಿಸೋದು. ನೀವು ಕೇಳ್ಲಿಲ್ಲ."

ಕೇಳಿರಲಿಲ್ಲ. ಎಷ್ಟು ಎಂದು ನೂರು ಸಲ ಕೇಳಿದ್ದೆ, ಯಾವಾಗ ಎಂದು ಒಂದು ಸಲವೂ ಕೇಳಿರಲಿಲ್ಲ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೂ ಮೇಷ್ಟ್ರ ಬಾಯಿ ಸುಮ್ಮನಿರಬೇಕಲ್ಲ! "ಅದು ಹೇಗಾಗುತ್ತೆ? ಬಿಳಿಯೋರು ಒಬ್ರೇ ಇದ್ದಾಗ ಪ್ಲಾಸ್ಮಿಡ್ ಕಳ್ಕೊಂಡ್ರಲ್ಲ, ಹಸಿರೋರ ಜೊತೆ ಇದ್ರೆ ಮಾತ್ರ ಹೇಗೆ ಉಳಿಯುತ್ತೆ?" ಎಂದೆ.

ಆಕೆ ನಲ್ಲಿ ನಿಲ್ಲಿಸಿ ಸೆರಗಿಗೆ ಕೈ ಒರೆಸಿಕೊಂಡರು.

"ನಮ್ ವಠಾರದಲ್ಲಿ ಆರು ಮನೆ ಸಾರ್. ಯಾವ ಮನೇಲೂ ಹೆಪ್ಪು ಒಂದು ತಿಂಗ್ಳು ನೆಟ್ಟಗೆ ಉಳಿಯಲ್ಲ. ಒಬ್ರು ಊರಿಗೆ ಹೋಗ್ತಾರೆ. ಒಬ್ರ ಮನೇಲಿ ಮಕ್ಳು ಪಾತ್ರೆ ಬಳಿದು ತಿಂದ್ಬಿಡ್ತಾರೆ. ಇನ್ನೊಬ್ರು ಸುಡೋ ಹಾಲಿಗೇ ಹಾಕಿ ಕೆಡಿಸ್ತಾರೆ. ಆದ್ರೆ ವಠಾರದಲ್ಲೇ ಹೆಪ್ಪಿಲ್ಲ ಅನ್ನೋ ದಿನ ನಾನಂತೂ ಕಂಡಿಲ್ಲ. ನಮ್ಮನೇದು ಹೋದ್ರೆ ಪಕ್ಕದ್ಮನೇಲಿ ಇಸ್ಕೊಂಡು ಬರ್ತೀನಿ, ಅವರದ್ದು ಹೋದ್ರೆ ನಮ್ಮನೇಗೆ ಬರ್ತಾರೆ. ಮೂಲೆಮನೆ ಅಜ್ಜಿ ಮಾತ್ರ ಯಾವತ್ತೂ ಕೆಡಿಸಲ್ಲ, ಕೊನೇಗೆ ಎಲ್ರೂ ಅಲ್ಲಿಗೇ ಹೋಗೋದು. ಬಿಳಿಯೋರು ಕಳ್ಕೊಳ್ತಾರೆ, ಹಸಿರೋರ ಹತ್ರ ಮತ್ತೆ ಇಸ್ಕೊಳ್ತಾರೆ. ನಿಮ್ ಲೆಕ್ಕದಲ್ಲಿ ಇಸ್ಕೊಳ್ಳೋದು ಇದ್ಯಾ?"

ಇರಲಿಲ್ಲ. ಅಲ್ಲಿ ಸೊನ್ನೆ ಇತ್ತು.

ನಮ್ಮ ಮನೆಯಲ್ಲಿ ಅಮ್ಮನ ಕಾಲದಲ್ಲಿ ಹೆಪ್ಪು ಕೆಟ್ಟರೆ ತರುತ್ತಿದ್ದದ್ದು ಮೂರೋ ನಾಲ್ಕೋ ಮನೆಗಳಿಂದ ಮಾತ್ರ. ಯಾವ ಮನೆಗಳಿಂದ ತರಬಾರದು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೇ ಇರಲಿಲ್ಲ. ಅದಕ್ಕೇ ನಾನು ಸೊನ್ನೆ ಹಾಕಿದೆ ಎಂದು ಹೇಳಿದರೆ ಅತಿಯಾದೀತು. ಆದರೆ ಸೊನ್ನೆ ಹಾಕುವಾಗ ಕೈ ತಡವರಿಸಲಿಲ್ಲ, ಅದು ನಿಜ.

ಆ ಸಂಜೆ ಮನೆಗೆ ಹೋಗಿ ಸೊನ್ನೆ ತೆಗೆದು ಅಲ್ಲೊಂದು ಅಕ್ಷರ ಬರೆದೆ. ಎರಡು ಸಾಲಿನ ಉತ್ತರ ಹೋಯಿತು. ಸಮೀಕರಣ ಕೈಯಲ್ಲಿ ಬಿಡಿಸಲಾಗದೆ ಕಂಪ್ಯೂಟರಿಗೆ ಕೊಡಬೇಕಾಯಿತು. ಹಸಿರಿನಿಂದ ಬಿಳಿಗೆ ತೀರಾ ಅಪರೂಪಕ್ಕೆ ದಾಟಿದರೂ ಸಾಕು, ಬಿಳಿಯವರಲ್ಲಿ ಪ್ಲಾಸ್ಮಿಡ್ ಪೂರ್ತಿ ಹೋಗುವುದೇ ಇಲ್ಲ ಎಂದು ಅದು ತೋರಿಸಿತು. ಅದರ ಮೇಲೆ ಆಕೆಯ ಹಳೆಯ ಎಣಿಕೆಗಳನ್ನು ಇಟ್ಟು ನೋಡಿದೆ. ಕೂತವು. ಮೇಡಂಗೆ ಹೇಳಿದೆ. ಅವರು ಖುಷಿಪಟ್ಟರು, ಆಮೇಲೆ "ಅವರನ್ನ ವಾಪಸ್ ಕರೀತೀನಿ ಸಾರ್" ಎಂದರು. ಮರುದಿನವೇ ಆಕೆ ಎಣಿಕೆಗೆ ಮರಳಿದರು. ಮಾರ್ಕರ್ ಮತ್ತೆ ಸೊಂಟ ಸೇರಿತು.

ಎಲ್ಲ ಸರಿಹೋಯಿತು ಎಂದುಕೊಂಡೆ. ಏನೂ ಸರಿಹೋಗಿರಲಿಲ್ಲ. ಎಂಟು ತಿಂಗಳು ಆಕೆ ನನ್ನೊಡನೆ "ಹ್ಞೂಂ ಸಾರ್", "ಇಲ್ಲ ಸಾರ್" ಬಿಟ್ಟು ಮೂರನೇ ಮಾತಾಡಲಿಲ್ಲ. ಮೆಟ್ಟಿಲ ಬಳಿಯ ನಮಸ್ಕಾರವೂ ನಿಂತಿತ್ತು. ನಾನು ಪೇಪರ್ ಬರೆದು ಮುಗಿಸಿದ್ದೆ. ಕೊನೆಯಲ್ಲಿ ಕೃತಜ್ಞತೆಯ ಸಾಲಿಗೆ ಆಕೆಯ ಹೆಸರು ಸೇರಿಸಿದ್ದೆ. ಅದನ್ನು ದೊಡ್ಡ ಉಪಕಾರದಂತೆ ತೋರಿಸಲು ಹೋದೆ. ಸಂದೇಹವೆಲ್ಲ ತೀರಿದ ಮೇಲೂ ಯಾಕಿಷ್ಟು ಬಿಗುಮಾನ ಎಂದು ಕೇಳಿಯೂಬಿಟ್ಟೆ.

ಆಕೆ ಪೇಪರನ್ನು ಕಣ್ಣೆತ್ತಿ ನೋಡಲಿಲ್ಲ. ಬೀರು ತೆಗೆದು ರಿಜಿಸ್ಟರ್ ತಂದು ಆ ಪುಟ ಬಿಚ್ಚಿ ನನ್ನ ಮುಂದಿಟ್ಟರು. ಕೆಂಪು ಹಾಗೇ ಇತ್ತು.

"ಪೇಪರ್ ಯಾರು ಓದ್ತಾರೋ ಏನೋ ಸಾರ್. ರಿಜಿಸ್ಟರ್ ಮಾತ್ರ ಎಲ್ರೂ ತೆಗೀತಾರೆ. ಹುಡ್ಗೀರು ತೆಗೀತಾರೆ, ಇನ್ಸ್‌ಪೆಕ್ಷನ್ನೋರು ತೆಗೀತಾರೆ. ನಾನು ಸತ್ತ ಮೇಲೂ ತೆಗೀತಾರೆ. ಈ ಪುಟ ಬಂದಾಗ ಹುಡ್ಗೀರು ನನ್ ಮುಖ ನೋಡಿ, ಬೇರೆ ಕಡೆ ನೋಡ್ತಾರೆ. ಇಷ್ಟು ವರ್ಷ ಎಣಿಸಿದೀನಿ. ಒಂದಿನ ಸುಳ್ಳು ಬರ್ದಿಲ್ಲ."

ನನಗೆ ನಾಚಿಕೆಯಾಯಿತು. ಮಾದರಿ ತಿದ್ದಿದ್ದೆ, ಪೇಪರ್ ತಿದ್ದಿದ್ದೆ, ಆಕೆಯ ಹೆಸರಿಗೆ ನಾನೇ ಬಳಿದದ್ದನ್ನು ತಿದ್ದಿರಲಿಲ್ಲ. ಮರೆತಿದ್ದೆ ಎನ್ನುವುದಕ್ಕೂ ಆಗುವುದಿಲ್ಲ. ಎರಡು ಸಲ ಆ ಪುಟ ಕಣ್ಣಿಗೆ ಬಿದ್ದಿತ್ತು, ಮಗುಚಿ ಹಾಕಿದ್ದೆ. ಜೇಬಿನಿಂದ ಪೆನ್ನು ತೆಗೆದೆ. ನೀಲಿ.

"ಕೆಂಪಲ್ಲಿ ಬರೆದಿದ್ರಿ, ಕೆಂಪಲ್ಲೇ ಹೊಡೀರಿ" ಎಂದರು.

ಮೇಲಿನ ಮಹಡಿಗೆ ಹೋಗಿ ಕೆಂಪು ಪೆನ್ನು ತಂದೆ. ಷರಾದ ಮೇಲೆ ಗೆರೆ ಎಳೆದು, ಕೆಳಗೆ 'ಎಣಿಕೆ ಸರಿ. ನನ್ನ ಲೆಕ್ಕ ತಪ್ಪು' ಎಂದು ಬರೆದು ಸಹಿ ಮಾಡಿ ತಾರೀಖು ಹಾಕಿದೆ. ಆಕೆ ಓದಿದರು. ಎರಡು ಸಲ ಓದಿದರು. ಇಂಕು ಒಣಗುವವರೆಗೆ ಪುಟ ತೆರೆದೇ ಇಟ್ಟು, ಆಮೇಲೆ ಮುಚ್ಚಿದರು.

"ತಪ್ಪಾಯ್ತು. ನೀವು ಮನಸ್ಸಿಗೆ ಹಚ್ಕೋಬೇಡಿ" ಎಂದೆ. ಅಲ್ಲಿಯವರೆಗೆ ಏಕವಚನದಲ್ಲಿ ಮಾತಾಡಿಸಿದ್ದವನ ಬಾಯಲ್ಲಿ ಬಹುವಚನ ಬಂತು, ಮತ್ತೆ ಹಿಂದೆ ಹೋಗಲಿಲ್ಲ.

"ಹಚ್ಕೊಂಡಾಗಿತ್ತು ಸಾರ್. ಈಗ ಬಿಟ್ಟೆ" ಎಂದರು. ಮತ್ತೆ ಸ್ವಲ್ಪ ತಡೆದು, "ನಿಮ್ಮನೇಲಿ ಮೊಸರು ಹೆಂಗಿದೆ?" ಎಂದು ಕೇಳಿದರು. ಇದೆಲ್ಲಿಯ ಪ್ರಶ್ನೆ ಎಂದು ನಕ್ಕುಬಿಟ್ಟೆ. ನಮ್ಮ ಮನೆಯ ಮೊಸರು ಆಗ ನೂಲು ನೂಲಾಗಿ ಎಳೆ ಬರುತ್ತಿತ್ತು. ಪ್ಯಾಕೆಟ್ ಮೊಸರಿನಿಂದ ಹೆಪ್ಪು ಮಾಡಿ ಮಾಡಿ ನನ್ನ ಹೆಂಡತಿಗೆ ಸಾಕಾಗಿತ್ತು. ಅದನ್ನು ಹೇಳಿದೆ. ಸ್ವಲ್ಪ ಕೊಡುತ್ತೀರಾ ಎಂದೂ ಕೇಳಿದೆ.

"ಕೊಡ್ತೀನಿ. ಆದ್ರೆ ಮನೇಗ್ ಬಂದು ಇಸ್ಕೊಂಡು ಹೋಗ್ಬೇಕು. ಹೆಪ್ಪನ್ನ ಕೊಡೋರು ಹೊತ್ಕೊಂಡು ಹೋಗಲ್ಲ, ಬೇಕಾದೋರು ಲೋಟ ತರ್ಬೇಕು."

ಭಾನುವಾರ ಬೆಳಿಗ್ಗೆ ಸ್ಟೀಲ್ ಲೋಟ ಹಿಡಿದು ಚಾಮರಾಜಪೇಟೆಯ ಆ ವಠಾರಕ್ಕೆ ಹೋದೆ. ಆರು ಬಾಗಿಲು, ನಡುವೆ ಒಂದು ನಲ್ಲಿ, ಮೂಲೆಮನೆಯ ಬಾಗಿಲಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂತ ಅಜ್ಜಿ. ಆಕೆಯ ಮನೆಯ ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಕೆಳಗೆ ಮಗಳ ಶಾಲೆಯ ಸರ್ಟಿಫಿಕೇಟುಗಳು. ಮಗಳು ಆಗ ಹೈಸ್ಕೂಲು. ಲೆಕ್ಕದಲ್ಲಿ ನೂರಕ್ಕೆ ತೊಂಬತ್ತೆಂಟು ಬಂದ ಅಂಕಪಟ್ಟಿಯನ್ನು ಆಕೆ ಬೇಕೆಂದೇ ನನ್ನ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದರು. ಚಿತ್ರಾನ್ನ ಕೊಟ್ಟರು, ಉಪ್ಪು ಸ್ವಲ್ಪ ಮುಂದಾಗಿತ್ತು, ತಿಂದೆ. ಲೋಟಕ್ಕೆ ಎರಡು ಚಮಚ ಹೆಪ್ಪು ಹಾಕಿ, "ಹಾಲು ಉಗುರು ಬೆಚ್ಚಗಿರ್ಬೇಕು. ಬಿಸಿ ಇದ್ದಾಗ ಹಾಕಿ ಕೆಡಿಸಿ ನನ್ ಹೆಪ್ಪು ಸರಿ ಇಲ್ಲ ಅಂತ ಬರೀಬೇಡಿ" ಎಂದರು. ಅಜ್ಜಿಗೂ ಕತೆ ಗೊತ್ತಿತ್ತು ಅಂತ ಕಾಣುತ್ತದೆ, ಬೆಳ್ಳುಳ್ಳಿ ಬಿಟ್ಟು ನಕ್ಕರು.

ಮನೆಯಲ್ಲಿ ನನ್ನ ಹೆಂಡತಿ ಲೋಟ ಇಸಿದುಕೊಂಡು, "ಯಾರ ಮನೇದು?" ಎಂದಳು. ಹೇಳಿದೆ. ಹಾಲಿನ ಪಾತ್ರೆಯ ಮುಂದೆ ಅವಳು ಒಂದು ಗಳಿಗೆ ಸುಮ್ಮನೆ ನಿಂತಳು. ಆಚಾರದಲ್ಲಿ ಅವಳು ನನ್ನ ಅಮ್ಮನ ಪಕ್ಕಾ ಶಿಷ್ಯೆ. ಮಂಗಳವಾರ ಶುಕ್ರವಾರ ಹೆಪ್ಪು ಕೊಡುವಂತಿಲ್ಲ, ಸಂಜೆ ದೀಪ ಹಚ್ಚಿದ ಮೇಲಂತೂ ಜಪ್ಪಯ್ಯ ಅಂದರೂ ಇಲ್ಲ, ಮನೆಯ ಲಕ್ಷ್ಮಿ ಹೊರಟುಹೋಗುತ್ತಾಳಂತೆ. ಆಮೇಲೆ ಬೆರಳಿನಿಂದ ಹಾಲಿನ ಬಿಸಿ ನೋಡಿ ಹೆಪ್ಪು ಹಾಕಿದಳು. ಮರುದಿನ ಮೊಸರು ಚಾಕುವಿನಲ್ಲಿ ಕೊಯ್ಯುವ ಹಾಗೆ ಗಟ್ಟಿಯಾಗಿತ್ತು. ಊಟದ ಹೊತ್ತಿಗೆ ಅವಳು ಹೇಳಿದ್ದು ಇಷ್ಟೇ: "ಮುಂದಿನ ಸಲ ಅವರ ಮನೆಗೆ ಬರೀ ಲೋಟ ಹಿಡ್ಕೊಂಡು ಹೋಗ್ಬೇಡಿ, ಚಕ್ಕುಲಿ ತಗೊಂಡು ಹೋಗಿ."

ಪೇಪರ್ ಪ್ರಕಟವಾಯಿತು, ಸಾಧಾರಣದ ಪತ್ರಿಕೆಯೊಂದರಲ್ಲಿ. ಯಾರು ಓದಿದರೋ ನನಗೂ ತಿಳಿಯದು. ನಾನು ರಿಟೈರ್ ಆದೆ, ಕೆಲವು ವರ್ಷಕ್ಕೆ ಆಕೆಯೂ ಆದರು. ಬೀಳ್ಕೊಡುಗೆಯ ದಿನ ನಾಲ್ಕು ಮಾತು ಹೇಳಿ ಎಂದರೆ ಆಕೆ ಮೈಕಿನ ಮುಂದೆ ನಿಂತು, "ಎಲ್ರೂ ಎರಡನೇ ದಿನ ಎಣಿಸಿ" ಎಂದು ಹೇಳಿ ಕೂತುಬಿಟ್ಟರು. ವಠಾರ ಒಡೆದು ಅಪಾರ್ಟ್‌ಮೆಂಟ್ ಕಟ್ಟಿದರು. ಅಜ್ಜಿ ಅಷ್ಟರಲ್ಲಿ ಹೋಗಿದ್ದರು, ಉಳಿದವರು ದಿಕ್ಕಿಗೊಬ್ಬರಾದರು. ಆಕೆ ಮಗಳ ಜೊತೆ ಹನುಮಂತನಗರದ ಒಂದು ಬಾಡಿಗೆ ಫ್ಲಾಟಿಗೆ ಬಂದರು. ವರ್ಷಕ್ಕೆ ಎರಡು ಮೂರು ಸಲ ಭೇಟಿಯಾಗುತ್ತಿದ್ದೆವು. ಯೋಗಕ್ಷೇಮ ವಿಚಾರಿಸುವ ಮೊದಲು "ಇದ್ಯಾ?" ಎನ್ನುವರು. ಏನು ಎಂದು ಕೇಳಬೇಕಿರಲಿಲ್ಲ. "ಇದೆ" ಎನ್ನುತ್ತಿದ್ದೆ. ಇಷ್ಟು ವರ್ಷದಲ್ಲಿ ನನ್ನ ಹೆಂಡತಿ ಅದನ್ನು ಒಂದು ದಿನವೂ ಕೆಡಿಸಲಿಲ್ಲ. ಅಕ್ಕನ ಮನೆಗೆ ನಾಲ್ಕು ದಿನ ಹೋಗುವುದಿದ್ದರೂ ಪುಟ್ಟ ಡಬ್ಬಿಯಲ್ಲಿ ಹಾಕಿಕೊಂಡು ಹೋಗುವಳು.

ಮೊನ್ನೆ ಶುಕ್ರವಾರ ಸಂಜೆ ಬೆಲ್ಲಾಯಿತು. ಬಾಗಿಲು ತೆರೆದರೆ ಆಕೆಯ ಮಗಳು. ಈಗ ಅವಳು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಕಣ್ಣು ಇನ್ನೂ ಊದಿಕೊಂಡಿತ್ತು. ಒಳಗೆ ಬಾಮ್ಮಾ ಎಂದರೂ ಬರದೆ ಬಾಗಿಲಲ್ಲೇ ನಿಂತಳು. ಬ್ಯಾಗಿನಿಂದ ಒಂದು ಸ್ಟೀಲ್ ಲೋಟ ತೆಗೆದಳು.

"ಸಾರ್, ಅಮ್ಮ ಆಸ್ಪತ್ರೇಲಿದ್ದಷ್ಟು ದಿನ ಮನೇಲಿ ಹಾಲೇ ಕಾಯಿಸ್ಲಿಲ್ಲ. ಹೆಪ್ಪು ಹೋಗ್ಬಿಟ್ಟಿದೆ. ನಂಗೆ ಆಮೇಲೆ ಜ್ಞಾಪಕ ಬಂತು. ಕೇಳೋಣ ಅಂದ್ರೆ ಬಿಲ್ಡಿಂಗಲ್ಲಿ ಎಲ್ರೂ ಪ್ಯಾಕೆಟ್ಟು, ವಠಾರದೋರು ಯಾರೂ ಸಿಗ್ತಿಲ್ಲ. ಅಮ್ಮನ ಹೆಪ್ಪು ನಿಮ್ಮನೇಲಿ ಇದ್ಯಾ?"

ಹಿಂದೆ ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು, ಆಗಷ್ಟೇ ಹಚ್ಚಿದ್ದು. ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ನನ್ನ ಪಕ್ಕದಲ್ಲಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ನಾನು ಅವಳ ಮುಖ ನೋಡಿದೆ. ಅವಳು ನನ್ನ ಕಡೆ ನೋಡಲಿಲ್ಲ.

"ಲೋಟ ಕೊಡಮ್ಮ" ಎಂದಳು.

ಒಳಗೆ ಹೋದಳು. ಚಮಚ ಲೋಟಕ್ಕೆ ತಾಗುವ ಸದ್ದು ಬಾಗಿಲವರೆಗೂ ಕೇಳಿಸುತ್ತಿತ್ತು. ಹೆಪ್ಪಿಗೆ ಒಂದು ಚಮಚ ಸಾಕು. ಅವಳು ಐದು ಹಾಕಿದಳು. ನಾನು ಎಣಿಸಿದೆ.